ಹದಿನಾರು, ಹದಿನೇಳು, ಹದಿನೆಂಟು

ಸೋಮವಾರ ಬೇಯಿಸಿದ ಆಲೂಗಡ್ಡೆ. ಮಂಗಳವಾರವೂ ಅದೇ. ಬುಧವಾರ ಅದರ ಮೇಲೆ ಚಿಟಿಕೆ ಮೆಣಸಿನ ಪುಡಿ ಬಿದ್ದಿತ್ತು, ಅಷ್ಟೇ ವ್ಯತ್ಯಾಸ. ಗುರುವಾರ ಸಂಜೆ ಊಟದ ಮೇಜಿಗೆ ಬಂದ ಮಗಳು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದಳು.

"ಅಮ್ಮಾ, ಇದು ಊಟಾನಾ, ಶಿಕ್ಷೇನಾ?"

"ಮಾತಿಲ್ಲದೆ ತಿನ್ಬೇಕು. ಕೊನೇ ಸಾಲು, ಸದ್ದು!" ಎಂದಳು ಟೀಚರಮ್ಮ.

ಮೇಜಿಗೆ ಇದ್ದದ್ದೇ ನಾಲ್ಕು ಕುರ್ಚಿ. ಕೊನೇ ಸಾಲು ಯಾವುದೆಂದು ಯಾರಿಗೂ ಹೊಳೆಯಲಿಲ್ಲ. ಮಾವ ಹಿಂದೆ ತಿರುಗಿ ನೋಡಿದರು. ಅಲ್ಲಿ ಫ್ರಿಜ್ ಮಾತ್ರ ಇತ್ತು, ಅದು ಎಂದಿನಂತೆ ಗುಂಯ್ ಎನ್ನುತ್ತಿತ್ತು.

ಟೀಚರಮ್ಮ ಎನ್ನುವುದು ಬೀದಿಯವರು ಕರೆದು ಕರೆದು ಖಾಯಂ ಮಾಡಿದ ಹೆಸರು. ಹತ್ತೊಂಬತ್ತು ವರ್ಷದಿಂದ ಅವಳು ಒಂದೇ ಶಾಲೆಯಲ್ಲಿ ಎಂಟನೇ ಮತ್ತು ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಹೇಳುತ್ತಿದ್ದಳು. ಒಂದು ಕಾಲಕ್ಕೆ ಪಾಠದ ತಯಾರಿಯೆಲ್ಲ ಅಡುಗೆಮನೆಯಲ್ಲೇ ನಡೆಯುತ್ತಿತ್ತು. ವಿನೆಗರ್ ಬಾಟಲಿಗೆ ಸೋಡಾ ಪುಡಿ ಹಾಕಿ, ಬಾಯಿಗೆ ಬಲೂನು ಕಟ್ಟಿ, ಅದು ಉಬ್ಬುವುದನ್ನು ನೋಡಲು ಮನೆಮಂದಿಯನ್ನೆಲ್ಲ ಕೂಗಿ ಕರೆಯುತ್ತಿದ್ದಳು. ಒಮ್ಮೆ ಬಲೂನು ಕಿತ್ತುಕೊಂಡು ಹೋಗಿ ಮಾವನ ಹೊಸ ಅಂಗಿಯ ತುಂಬ ವಿನೆಗರ್ ಚೆಲ್ಲಿದಾಗ, ಬೈಯಬೇಕಾದ ಮಾವನೇ "ಇನ್ನೊಂದ್ಸಲ ಮಾಡು" ಎಂದಿದ್ದರು.

ಈ ವರ್ಷ ಅದೇನಾಯಿತೋ. ಇಬ್ಬರು ಮೇಷ್ಟ್ರುಗಳು ಕೆಲಸ ಬಿಟ್ಟು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅವರ ಪೀರಿಯಡ್ಡುಗಳನ್ನು ಉಳಿದವರ ತಲೆಗೆ ಕಟ್ಟಲಾಯಿತು. ಎಂಟನೇ ಕ್ಲಾಸಿನ ಎರಡು ವಿಭಾಗಗಳನ್ನು ಸೇರಿಸಿ ಒಂದೇ ಕೋಣೆಯಲ್ಲಿ ಅರವತ್ತೆರಡು ಮಕ್ಕಳನ್ನು ತುಂಬಿದರು. ಇದರ ಮೇಲೆ ಪಟ್ಟಿಗಳು: ಹಲ್ಲು ತಪಾಸಣೆಯ ಪಟ್ಟಿ, ಕನ್ನಡಕದವರ ಪಟ್ಟಿ, ಕಳೆದುಹೋದ ಛತ್ರಿಗಳ ಪಟ್ಟಿ. ಛತ್ರಿಗಳ ಪಟ್ಟಿ ಮುಗಿಸಿದ ದಿನ ಅವಳು ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ, "ಆರು ಗಂಟೆವರೆಗೆ ನನ್ನನ್ನ ಯಾರೂ ಏನೂ ಕೇಳ್ಬೇಡಿ" ಎಂದು ಅಪ್ಪಣೆ ಹೊರಡಿಸಿದಳು. ಮನೆಯವರು ಒಳ್ಳೆಯವರು. ಆರು ಗಂಟೆಯ ಮೇಲೂ ಕೇಳುವುದನ್ನು ಬಿಟ್ಟುಬಿಟ್ಟರು.

ಗಂಡನಿಗೆ ಮಾರ್ಕೆಟ್ ರಸ್ತೆಯಲ್ಲಿ ಬೀಗ ರಿಪೇರಿಯ ಅಂಗಡಿ. ಕಳೆದ ಕೀಲಿ, ಸಿಕ್ಕಿಹಾಕಿಕೊಂಡ ಬಾಗಿಲು, ತುಕ್ಕು ಹಿಡಿದ ಪೆಟ್ಟಿಗೆ ಎಲ್ಲಕ್ಕೂ ಅವನದು ಒಂದೇ ಔಷಧಿ: ಎರಡು ಹನಿ ಎಣ್ಣೆ, ಸ್ವಲ್ಪ ತಾಳ್ಮೆ. ಹೆಂಡತಿಗೆ ಎಣ್ಣೆ ಎಲ್ಲಿ ಬಿಡಬೇಕೆಂದು ತಿಳಿಯದೆ ತಾಳ್ಮೆಯೊಂದನ್ನೇ ಹಿಡಿದು ಕೂತಿದ್ದ.

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟೀಚರಮ್ಮ ಎಂಟನೇ ಕ್ಲಾಸಿನ ಅರವತ್ತೆರಡು ಉತ್ತರಪತ್ರಿಕೆಗಳನ್ನು ಹರಡಿಕೊಂಡಳು. ಇಪ್ಪತ್ತೈದು ಅಂಕದ ಕಿರುಪರೀಕ್ಷೆ. ಮೊದಲ ಪತ್ರಿಕೆಯ ಮೊದಲ ಸಾಲು ಓದಿದಳು. ಮತ್ತೆ ಓದಿದಳು. ಮೂರನೇ ಸಲವೂ ಅಕ್ಷರಗಳು ಕಾಗದದ ಮೇಲೆಯೇ ಕೂತಿದ್ದವು, ಒಂದೂ ತಲೆಗೆ ಇಳಿಯಲಿಲ್ಲ. ಕೆಂಪು ಪೆನ್ನು ಎತ್ತಿ ಹದಿನಾರು ಎಂದು ಬರೆದಳು. ಮುಂದಿನದಕ್ಕೆ ಹದಿನೇಳು. ಅದರ ಮುಂದಿನದಕ್ಕೆ ಹದಿನೆಂಟು. ಅಲ್ಲಿಗೆ ಜಾಸ್ತಿಯಾಯಿತು ಅನ್ನಿಸಿ ಮತ್ತೆ ಹದಿನಾರಕ್ಕೆ ಇಳಿದಳು. ಹೀಗೆ ಇಳಿದು ಹತ್ತಿ, ಇಳಿದು ಹತ್ತಿ, ಹತ್ತೂ ನಲವತ್ತಕ್ಕೆ ದಾರ ಸುತ್ತಿ ಎದ್ದಳು.

"ಆಗ್ಲೇ ಮುಗೀತಾ?" ಎಂದ ಗಂಡ.

"ಮುಗೀತು."

"ಪರವಾಗಿಲ್ವೇ! ಕೈ ಚೆನ್ನಾಗಿ ಪಳಗಿದೆ."

ಅವಳು ಒದ್ದೆ ಬಟ್ಟೆಯ ಬಕೆಟ್ ಹಿಡಿದು ಟೆರೇಸಿಗೆ ಹೋದಳು.

ಕೆಳಗೆ ಮಾವ ದಾರ ಬಿಚ್ಚಿದರು. ಅವರದೊಂದು ಹಳೇ ಚಟ: ಸೊಸೆ ತಿದ್ದಿಟ್ಟ ಪತ್ರಿಕೆಗಳನ್ನು ಭಾನುವಾರ ಓದಿ ನಗುವುದು. ಆದರೆ ಮಾವ ಸಾಮಾನ್ಯ ಓದುಗರಲ್ಲ. ನಿವೃತ್ತಿಯಾಗುವವರೆಗೆ ಮೂವತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದವರು. ಟಿಕೆಟ್ಟಿಲ್ಲದವರನ್ನು ಅವರು ಎಲ್ಲರೆದುರು ಗದರಿಸಿದವರಲ್ಲ. ಕಿವಿಯ ಹತ್ತಿರ ಬಗ್ಗಿ, "ಒಂದು ನಿಮಿಷ ಕೆಳಗಿಳೀತೀರಾ?" ಎನ್ನುತ್ತಿದ್ದರು. ಆ ಮೆಲುದನಿಗೆ ಇಡೀ ರೂಟೇ ಹೆದರುತ್ತಿತ್ತು.

ಟೆರೇಸಿನಲ್ಲಿ ಟವೆಲ್ ಕೊಡವುತ್ತಿದ್ದ ಟೀಚರಮ್ಮನಿಗೆ ಮೆಟ್ಟಿಲ ಬುಡದಿಂದ ಅದೇ ದನಿ ಕೇಳಿತು.

"ಅಮ್ಮಾ, ಒಂದು ನಿಮಿಷ ಕೆಳಗಿಳೀತೀಯಾ?"

ಇಳಿದಳು. ಮಾವ ಪತ್ರಿಕೆಗಳನ್ನು ಬಸ್ಸಿನ ಸೀಟಿನಂತೆ ಎರಡೆರಡಾಗಿ ಜೋಡಿಸಿದ್ದರು.

"ಇದಕ್ಕೆ ಹದಿನಾರು. ಇದಕ್ಕೆ ಹದಿನೇಳು, ಇದಕ್ಕೆ ಹದಿನೆಂಟು. ಮತ್ತೆ ಹದಿನಾರು. ಸೀರಿಯಲ್ ನಂಬರು ನನ್ನ ಕಣ್ಣಿಗೆ ಬೀಳಲ್ಲ ಅಂದ್ಕೊಂಡ್ಯಾ?"

"ಎಲ್ರೂ ಹೆಚ್ಚೂಕಮ್ಮಿ ಒಂದೇ ಥರ ಬರ್ದಿದ್ರು ಮಾವ."

"ಹೌದಾ? ಇದನ್ನೂ?" ಒಂದು ಪತ್ರಿಕೆ ಎತ್ತಿ, ಕನ್ನಡಕ ಸರಿಮಾಡಿಕೊಂಡು, ನಾಲ್ಕನೇ ಉತ್ತರದ ಕೆಳಗೆ ಇದ್ದದ್ದನ್ನು ಓದಿದರು. "'ಮಿಸ್, ನೀವು ನಮ್ಮ ಪೇಪರ್ ಓದೋದೇ ಇಲ್ಲ ಅಂತ ನನ್ನ ಪಕ್ಕದವಳು ಹೇಳ್ತಾಳೆ. ಓದ್ತಾರೆ ಅಂತ ನಾನು. ಒಂದು ಪೆನ್ಸಿಲ್ ಡಬ್ಬಿ ಪಂದ್ಯ. ಓದಿದ್ರೆ ಇದರ ಕೆಳಗೆ ಒಂದು ಗೀಟು ಹಾಕಿ, ಸಾಕು. ಬೇರೆ ಏನೂ ಬೇಡ.'"

ಟೀಚರಮ್ಮ ಬಗ್ಗಿ ಪತ್ರಿಕೆ ನೋಡಿದಳು.

"ಹದಿನೆಂಟು ಕೊಟ್ಟಿದ್ದೀಯ," ಎಂದರು ಮಾವ. "ಗೀಟು ಎಲ್ಲಿ?"

ಅವಳು ಒದ್ದೆ ಟವೆಲ್ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತಳು. ಟವೆಲ್ಲಿನ ನೀರು ಸೀರೆಗೆ ಇಳಿಯಿತು. ಅದೂ ಗೊತ್ತಾಗಲಿಲ್ಲ.

"ನಾನು ಕೆಲಸ ಬಿಡ್ತೀನಿ ಮಾವ."

ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಮೇಜಿನ ಮೇಲೆ ರಾಜೀನಾಮೆ ಪತ್ರ ತಯಾರಾಗುತ್ತಿತ್ತು.

"ಬಿಟ್ಟು ಏನ್ಮಾಡ್ತೀಯ?" ಎಂದಳು ಮಗಳು. "ಮನೇಲಿದ್ರೆ ಮೂರು ಹೊತ್ತೂ ಆಲೂಗಡ್ಡೇನಾ? ಹಾಗಿದ್ರೆ ಈಗ್ಲೇ ಹೇಳು, ನಾನು ಸ್ನೇಹಿತೆ ಮನೆಗೆ ಹೋಗ್ತೀನಿ."

"ಅಂಗಡೀಲಿ ಬಂದು ಕೂತ್ಕೋ," ಎಂದ ಗಂಡ. "ಬೀಗಗಳು ಗಲಾಟೆ ಮಾಡಲ್ಲ. ನಾನಂತೂ ಇಪ್ಪತ್ತು ವರ್ಷದಿಂದ ಆರಾಮಾಗಿದ್ದೀನಿ."

"ನೀವು ಆರಾಮಾಗಿರೋದು ಕಾಣ್ತಾ ಇದೆ ರೀ. ನಿಮ್ಮ ಹೆಂಡತಿ ಎರಡು ತಿಂಗಳಿಂದ ಸಾಯ್ತಾ ಇದ್ರೂ ಒಂದು ಮಾತು ಕೇಳ್ಲಿಲ್ಲ."

"ನೀನೇ ತಾನೇ ಕೇಳ್ಬೇಡಿ ಅಂದಿದ್ದು!"

"ಹೇಳಿದ್ದನ್ನೆಲ್ಲ ಕೇಳೋರು ನೀವು ಯಾವಾಗಿಂದ ಆದ್ರಿ?"

ಗಂಡ ಎದ್ದು ಹೋಗಿ, ಶಬ್ದವೇ ಮಾಡದ ಅಡುಗೆಮನೆ ಬಾಗಿಲಿಗೆ ಎಣ್ಣೆ ಬಿಟ್ಟು ಬಂದ.

ಮಾವ ಮಾತ್ರ ಜಗಳದ ಗೋಜಿಗೆ ಹೋಗಲಿಲ್ಲ. "ಬಿಡೋದಾದ್ರೆ ಬಿಡು," ಎಂದರು. "ನಾನೂ ಒಂದ್ಸಲ ಹೀಗೇ ಆಗಿದ್ದೆ. ಎರಡು ತಿಂಗಳು ಬಸ್ಸಿನೊಳಗೆ ಹೋಗದೆ ಬಾಗಿಲಲ್ಲೇ ನಿಂತು 'ಎಲ್ಲಾ ಸರಿಯಿದೆ' ಅಂತ ಬರ್ದುಕೊಟ್ಟೆ. ಒಂದಿನ ಡಿಪೋದಲ್ಲಿ ಕೆಟ್ಟು ನಿಂತಿದ್ದ ಬಸ್ಸಿಗೂ ಎಲ್ಲಾ ಸರಿಯಿದೆ ಅಂತ ಬರ್ದೆ. ಅದಕ್ಕೆ ಮುಂದಿನ ಚಕ್ರಾನೇ ಇರ್ಲಿಲ್ಲ."

ಮಗಳು ಫಕ್ಕನೆ ನಕ್ಕಳು.

"ಮೇಲಿನೋರು ಹಿಡಿದ್ರಾ?" ಎಂದಳು ಟೀಚರಮ್ಮ.

"ಇಲ್ಲ. ಜೊತೆ ಡ್ಯೂಟಿಯವನು ನೋಡಿದ. ಟೀ ಕುಡಿಸಿ, 'ಏನಾಯ್ತಪ್ಪಾ ನಿಂಗೆ' ಅಂದ. ಅಷ್ಟೇ ಕೇಳಿದ್ದು. ಮೂರು ಲೋಟ ಟೀ ಆಗೋವರೆಗೆ ನಾನು ಹೇಳ್ತಾನೇ ಇದ್ದೆ. ಸರಿ, ನಿನ್ನ ಜೊತೆ ಕೂತು ಟೀ ಕುಡಿಯೋರು ಸ್ಕೂಲಲ್ಲಿ ಯಾರಿದ್ದಾರೆ?"

ಅವಳು ಯೋಚಿಸಿದಳು. "ನಾವು ಕೂತ್ಕೊಳ್ಳಲ್ಲ ಮಾವ. ನಿಂತ್ಕೊಂಡು ಕುಡೀತೀವಿ. ಎರಡು ನಿಮಿಷ."

ಸೋಮವಾರ ಬ್ಯಾಗಿನಲ್ಲಿ ಎರಡು ಹೊರೆ ಇದ್ದವು: ಉತ್ತರಪತ್ರಿಕೆಯ ಕಟ್ಟು, ರಾಜೀನಾಮೆ ಪತ್ರ. ಕ್ಲಾಸಿಗೆ ಹೋದಾಗ ಅರವತ್ತೆರಡು ಮಕ್ಕಳು ಒಂದೇ ಬಾಯಲ್ಲಿ "ಮಿಸ್, ಪೇಪರ್!" ಎಂದರು. ಮೂರನೇ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕತ್ತು ಚಾಚಿ ಬ್ಯಾಗನ್ನೇ ನೋಡುತ್ತಿದ್ದಳು. ಅವಳ ಪಕ್ಕದವಳು, ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಹುಡುಗಿ, ಎಲ್ಲ ಗೊತ್ತಿರುವವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದಳು. ಪಂದ್ಯ ಯಾರ್ಯಾರ ನಡುವೆ ಎಂದು ಟೀಚರಮ್ಮನಿಗೆ ಕೇಳುವ ಅಗತ್ಯ ಬೀಳಲಿಲ್ಲ.

"ಇನ್ನೂ ಆಗಿಲ್ಲ," ಎಂದಳು. ಎರಡು ತಿಂಗಳಲ್ಲಿ ಆ ಕ್ಲಾಸಿನಲ್ಲಿ ಅವಳು ಆಡಿದ ಮೊದಲ ಪೂರ್ತಿ ನಿಜವಾದ ಮಾತು ಅದು.

ಕೊನೆಯ ಪೀರಿಯಡ್ಡಿಗೆ ಅವಳಿಗೆ ಬಿಡುವು. ಸ್ಟಾಫ್ ರೂಮಿಗೆ ಹೋದರೆ ಯಾರಾದರೂ ಇನ್ನೊಂದು ಪಟ್ಟಿ ಕೈಗಿಡುತ್ತಾರೆ. ಹೋಗಿ ಆಟದ ಸಾಮಾನಿನ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಮಡಿಸಿಟ್ಟ ಚಾಪೆಗಳ ಮೇಲೆ ಡ್ರಿಲ್ ಮೇಷ್ಟ್ರು ಕಾಲು ನೀಡಿಕೊಂಡು ಬಿಸ್ಕತ್ತು ತಿನ್ನುತ್ತಿದ್ದರು.

ಇಬ್ಬರೂ ಬೆಚ್ಚಿಬಿದ್ದರು.

"ನಿಮ್ಗೆ ಈಗ ಏಳನೇ ಕ್ಲಾಸಲ್ವಾ ಸರ್?"

"ಇದೆ. ಗ್ರೌಂಡಲ್ಲಿ ಕೂತಿದ್ದಾರೆ." ಮೇಷ್ಟ್ರು ಬಿಸ್ಕತ್ತು ಕೆಳಗಿಟ್ಟರು. "ಕಣ್ಣು ಮುಚ್ಚಿ ಮನಸ್ಸಲ್ಲೇ ಓಡ್ತಾ ಇದ್ದಾರೆ."

"ಏನು?"

"ಮನಸ್ಸಲ್ಲೇ. ನಾಲ್ಕು ಸುತ್ತು. ಮೂರು ವಾರ ಆಯ್ತು ಮೇಡಂ. ನನ್ನ ಮಂಡಿ ನೋವು. ಯಾರಿಗೆ ಹೇಳ್ಲಿ? ಡ್ರಿಲ್ ಮೇಷ್ಟ್ರಿಗೆ ಮಂಡಿ ನೋವು ಅಂದ್ರೆ ನಗ್ತಾರೆ." ಬಿಸ್ಕತ್ತನ್ನು ಮತ್ತೆ ಎತ್ತಿಕೊಂಡು ಹೇಳಿದರು: "ಮೊನ್ನೆ ಒಬ್ಬ ಮನಸ್ಸಲ್ಲೇ ಎಡವಿ ಬಿದ್ದೆ ಅಂತ ರಜಾ ಕೇಳ್ದ. ಕೊಟ್ಟೆ."

ಟೀಚರಮ್ಮನಿಗೆ ನಗು ಬಂತು. ಸಣ್ಣದಾಗಿ ಶುರುವಾಗಿ, ಹೊಟ್ಟೆ ಹಿಡಿದುಕೊಳ್ಳುವಷ್ಟಾಗಿ, ಕೊನೆಗೆ ಕಣ್ಣಲ್ಲಿ ನೀರು ಬರುವಷ್ಟಾಯಿತು. ನೀರು ಬಂದದ್ದು ನಿಲ್ಲಲಿಲ್ಲ. ಆಗಲೇ ಬಾಗಿಲು ಮತ್ತೆ ತೆರೆಯಿತು. ಗಣಿತದ ಮೇಡಂ, ಕೈಯಲ್ಲಿ ಕರವಸ್ತ್ರ, ಕಣ್ಣು ಕೆಂಪು. ಇಬ್ಬರನ್ನೂ ನೋಡಿ ಅಲ್ಲೇ ನಿಂತರು.

"ಸೀಮೆಸುಣ್ಣದ ಪುಡಿ ಕಣ್ಣಿಗೆ ಬಿತ್ತು," ಎಂದರು.

"ನನಗೂ," ಎಂದಳು ಟೀಚರಮ್ಮ.

"ಬನ್ನಿ," ಎಂದರು ಡ್ರಿಲ್ ಮೇಷ್ಟ್ರು, ಚಾಪೆಯ ಮೇಲೆ ಜರುಗಿ. "ಇನ್ನೂ ಅರ್ಧ ಪ್ಯಾಕೆಟ್ ಬಿಸ್ಕತ್ತಿದೆ."

ಅವತ್ತು ಟೀಚರಮ್ಮ ಕಟ್ಟು ಬಿಚ್ಚಿ ಇಬ್ಬರಿಗೂ ತೋರಿಸಿದಳು. ಹದಿನಾರು, ಹದಿನೇಳು, ಹದಿನೆಂಟು. ಪೆನ್ಸಿಲ್ ಡಬ್ಬಿಯ ಪಂದ್ಯವನ್ನೂ ಓದಿ ಹೇಳಿದಳು. ಬೈಯುತ್ತಾರೆ ಅಂದುಕೊಂಡಿದ್ದಳು.

"ನಾನು ಒಂದೇ ಲೆಕ್ಕಾನ ಒಂಬತ್ತನೇ ಕ್ಲಾಸಿಗೆ ಐದು ದಿನ ಮಾಡಿಸ್ದೆ," ಎಂದರು ಗಣಿತದ ಮೇಡಂ. "ಯಾರೂ ಕೇಳ್ಲಿಲ್ಲ. ಅದೇ ನಂಗೆ ಬೇಜಾರು. ಅವರಿಗೂ ಗೊತ್ತಾಗಿಲ್ಲ ನೋಡಿ, ಅದೇ ಲೆಕ್ಕ ಅಂತ."

ಮರುದಿನದಿಂದ ಮೂರೂ ನಲವತ್ತರ ಕೊನೆಯ ಬೆಲ್ ಹೊಡೆದ ಮೇಲೆ ಮೂವರೂ ಆ ಕೋಣೆ ಸೇರತೊಡಗಿದರು. ಡ್ರಿಲ್ ಮೇಷ್ಟ್ರು ಗಟ್ಟಿಯಾಗಿ ಉತ್ತರ ಓದುವುದು, ಟೀಚರಮ್ಮ ಅಂಕ ಹೇಳುವುದು, ಗಣಿತದ ಮೇಡಂ ಕೂಡುವುದು. ದಿನಕ್ಕೆ ಹತ್ತು ಪತ್ರಿಕೆ. ತಣ್ಣೀರಿನ ಲೋಟದ ಹೊರಗೆ ನೀರಿನ ಹನಿ ಯಾಕೆ ಕೂರುತ್ತದೆ ಎನ್ನುವುದು ಮೂರನೇ ಪ್ರಶ್ನೆ.

"'ಲೋಟಕ್ಕೆ ಚಳಿಯಾಗಿ ಬೆವರುತ್ತದೆ.' ಪಾಪ, ಎಷ್ಟು ಮೇಡಂ?"

"ಅರ್ಧ."

"ಒಂದು ಕೊಡಿ. ಅಕ್ಷರ ಮುದ್ದಾಗಿದೆ."

"ಸರ್, ಓದೋದು ಮಾತ್ರ ನಿಮ್ಮ ಕೆಲಸ."

"'ನಮ್ಮ ಮನೆಯ ಲೋಟಗಳಿಗೆ ಹೀಗೆ ಆಗುವುದಿಲ್ಲ.' ಸ್ವಾಭಿಮಾನ ನೋಡಿ!"

ಪತ್ರಿಕೆ ಮುಗಿದ ಮೇಲೆ ಹತ್ತು ನಿಮಿಷ ಸ್ವಂತದ ಮಾತು. ಗಣಿತದ ಮೇಡಮ್ಮಿಗೆ ಯಾವುದೂ ಸಾಲು ಸಾಲಾಗಿ ಇರಬೇಕು, ಆದ್ದರಿಂದ ಒಂದು ನೋಟ್‌ಬುಕ್ ತಂದು ಮೂರು ಅಂಕಣ ಎಳೆದರು: ನಡೆದದ್ದು, ನಾನು ಮಾಡಿದ್ದು, ನಾಳೆ. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಬುದ್ಧಿ ಹೇಳುವಂತಿಲ್ಲ. ಮೊದಲ ದಿನ ಟೀಚರಮ್ಮ ಬರೆದದ್ದು ಹೀಗೆ: "ನಡೆದದ್ದು: ಕ್ಲಾಸಿಗೆ ಪಾರಿವಾಳ ಬಂತು. ನಾನು ಮಾಡಿದ್ದು: ಪಾರಿವಾಳಕ್ಕೆ 'ಕೂತ್ಕೋ' ಅಂದೆ. ನಾಳೆ: ಕಿಟಕಿ ಮುಚ್ಚುವುದು."

ಎಂಟು ದಿನದ ಮೇಲೆ ಅವಳು ತಾನು ಬರೆದದ್ದನ್ನೆಲ್ಲ ಒಮ್ಮೆ ತಿರುವಿ ನೋಡಿದಳು. ನಾನು ಮಾಡಿದ್ದು ಎನ್ನುವ ಅಂಕಣದ ತುಂಬ ಒಂದೇ ಥರದ ಮಾತುಗಳಿದ್ದವು. ಕೂತ್ಕೋ ಅಂದೆ. ಸುಮ್ಮನಿರು ಅಂದೆ. ಬರ್ಕೋ ಅಂದೆ. ಎಲ್ಲೂ ಒಂದು ಪ್ರಶ್ನೆಯಿರಲಿಲ್ಲ. ವಿಜ್ಞಾನದ ಟೀಚರು ಎಂಟು ದಿನದಲ್ಲಿ ಯಾರನ್ನೂ ಏನೂ ಕೇಳಿರಲಿಲ್ಲ. ಅವಳು ಯಾರಿಗೂ ಹೇಳದೆ ನೋಟ್‌ಬುಕ್ ಮುಚ್ಚಿದಳು. ಗಣಿತದ ಮೇಡಂ ನೋಡಿದರು, ಆದರೆ ನಿಯಮ ಮಾಡಿದವರು ಅವರೇ ಆದ್ದರಿಂದ ತುಟಿ ಬಿಚ್ಚಲಿಲ್ಲ.

ಅದೇ ದಿನ ಡ್ರಿಲ್ ಮೇಷ್ಟ್ರು ಕೊನೆಯ ಪತ್ರಿಕೆಗಳಲ್ಲಿ ಒಂದನ್ನು ಎತ್ತಿದರು.

"ಮೂರನೇ ಪ್ರಶ್ನೆ. 'ಲೋಟದ ಒಳಗಿನ ನೀರೇ ಹೊರಗೆ ಬರುತ್ತದೆ ಎಂದುಕೊಂಡಿದ್ದೆ. ಆದರೆ ಕೆಂಪು ಶರಬತ್ತು ಇಟ್ಟಾಗಲೂ ಹೊರಗಿನ ಹನಿ ಕೆಂಪಗಿರಲಿಲ್ಲ. ಬೆರಳಲ್ಲಿ ಮುಟ್ಟಿ ನೆಕ್ಕಿದೆ, ಸಿಹಿಯೂ ಇಲ್ಲ. ಹಾಗಾದರೆ ಆ ನೀರು ಬೇರೆ ಎಲ್ಲಿಂದಲೋ ಬಂದಿದೆ. ಎಲ್ಲಿಂದ ಎಂದು ಗೊತ್ತಿಲ್ಲ.' ಗೊತ್ತಿಲ್ಲ ಅಂತ ಅವಳೇ ಬರೆದಿದ್ದಾಳೆ. ಸೊನ್ನೇನಾ ಮೇಡಂ?"

"ಇನ್ನೊಂದ್ಸಲ ಓದಿ ಸರ್."

ಓದಿದರು. ಟೀಚರಮ್ಮ ಪತ್ರಿಕೆ ಕಿತ್ತುಕೊಂಡು ತಾನೇ ಓದಿದಳು. "ನೆಕ್ಕಿ ನೋಡಿದ್ದಾಳೆ!" ಎಂದಳು. "ಇವಳು ನೆಕ್ಕಿ ನೋಡಿದ್ದಾಳೆ ರೀ! ಪುಸ್ತಕದಲ್ಲಿರೋದನ್ನ ಬರ್ದಿಲ್ಲ, ತಾನೇ ನೋಡಿ ಬರ್ದಿದ್ದಾಳೆ. ಪೂರ್ತಿ ಅಂಕ." ಹೆಸರಿನ ಜಾಗ ನೋಡಿದಳು. ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗಿ. ಮಿಸ್ ಪೇಪರ್ ಓದುವುದೇ ಇಲ್ಲ ಎಂದು ಪಂದ್ಯ ಕಟ್ಟಿದವಳು. ಓದುವುದಿಲ್ಲ ಎಂದು ಗೊತ್ತಿದ್ದೂ ಇಷ್ಟು ಬರೆದಿದ್ದಾಳೆ. ಇದಕ್ಕೆ ತಾನು ಮೊದಲು ಕೊಟ್ಟದ್ದು ಹದಿನಾರು.

ಅವಳಿಗೆ ಆಗಲೇ, ಆ ಕ್ಷಣವೇ, ಬಣ್ಣದ ನೀರು, ಐಸು, ಗಾಜಿನ ಲೋಟ ಇಟ್ಟು ಇಡೀ ಕ್ಲಾಸಿಗೆ ತೋರಿಸಬೇಕು ಅನ್ನಿಸಿತು. ಆದರೆ ಲೋಟಗಳೆಲ್ಲ ಲ್ಯಾಬಿನ ಕಬ್ಬಿಣದ ಬೀರುವಿನಲ್ಲಿದ್ದವು. ಕೆಲಸ ಬಿಟ್ಟು ಹೋದ ಮೇಷ್ಟ್ರೊಬ್ಬರು ಅದರ ಕೀಲಿಯನ್ನೂ ತೆಗೆದುಕೊಂಡು ಹೋಗಿದ್ದರು. ಕೀಲಿಗಾಗಿ ಅವಳು ಮೂರು ಅರ್ಜಿ ಬರೆದಿದ್ದಳು, ಮೂರಕ್ಕೂ ಉತ್ತರವಿರಲಿಲ್ಲ.

ಮನೆಯಲ್ಲಿ ಈ ನಡುವೆ ಬೇರೆಯೇ ಆಡಳಿತ ಶುರುವಾಗಿತ್ತು. ಸೊಸೆ ಬರುವುದು ಐದು ಗಂಟೆಯಾಗುತ್ತದೆಂದು ಮಾವ ಅಡುಗೆಗೆ ಡ್ಯೂಟಿ ಚಾರ್ಟು ಬರೆದು ಫ್ರಿಜ್ಜಿಗೆ ಅಂಟಿಸಿದ್ದರು. ಮೊದಲ ಟ್ರಿಪ್: ತಾತ, ತರಕಾರಿ. ಎರಡನೇ ಟ್ರಿಪ್: ಮೊಮ್ಮಗಳು, ಒಲೆ. ಕೊನೇ ಟ್ರಿಪ್: ಮಗ, ಪಾತ್ರೆ. ಆಲೂಗಡ್ಡೆ ನಿಷೇಧ. ಮಗಳು ಮಾಡಿದ ಸೂಪು ಎರಡು ಸಲ ತಳಹಿಡಿದು, ಮೂರನೇ ಸಲ ಒಲೆಯ ಮೇಲೆಯೇ ಅರ್ಧ ಉಕ್ಕಿತು. ಅವತ್ತು ಎಲ್ಲರೂ ಉಳಿದರ್ಧವನ್ನು ಹಂಚಿಕೊಂಡು ಬ್ರೆಡ್ಡು ತಿನ್ನುತ್ತಿದ್ದಾಗ ಟೀಚರಮ್ಮ ಬೀರುವಿನ ವಿಷಯ ಹೇಳಿದಳು.

ಗಂಡ ಬ್ರೆಡ್ಡು ಕೈಯಲ್ಲಿ ಹಿಡಿದು ಅವಳನ್ನೇ ನೋಡಿದ.

"ಎರಡು ತಿಂಗಳಿಂದ ಬೀಗ?"

"ಹೂಂ."

"ಕೀಲಿ ಇಲ್ಲ?"

"ಮೂರು ಅರ್ಜಿ ಕೊಟ್ಟಿದ್ದೀನಿ."

"ಲೇ ಮಾರಾಯ್ತಿ," ಎಂದ ಗಂಡ ನಿಧಾನವಾಗಿ, "ನಿನ್ನ ಗಂಡ ಏನ್ ಕೆಲಸ ಮಾಡ್ತಾನೆ?"

ಮಾವ ಮೇಜು ಕುಟ್ಟಿ ಕುಟ್ಟಿ ನಕ್ಕರು, ಮಗಳು ಸೂಪು ನೆತ್ತಿಗೇರಿಸಿಕೊಂಡಳು. ಟೀಚರಮ್ಮನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ, ಕೊನೆಗೆ ಅವಳೂ ನಕ್ಕಳು. "ಹೊಳೀಲೇ ಇಲ್ಲ ರೀ," ಎಂದಳು. "ನಿಜವಾಗ್ಲೂ ಹೊಳೀಲಿಲ್ಲ."

"ನಾನೂ ಕೇಳ್ಬೇಕಿತ್ತು," ಎಂದ ಅವನು. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಮರುದಿನ ಅವನು ಚೀಲ ಹಿಡಿದು ಶಾಲೆಗೆ ಬಂದು, ಗೇಟಿನಲ್ಲಿ ರುಜು ಹಾಕಿ, ಬೀರುವಿನ ಮುಂದೆ ಮಂಡಿಯೂರಿದ. ಅರ್ಧ ನಿಮಿಷದಲ್ಲಿ ಬೀಗ ಬಾಯಿಬಿಟ್ಟಿತು. ಒಳಗೆ ಗಾಜಿನ ಲೋಟಗಳು, ಲೆನ್ಸುಗಳು, ಧೂಳು, ಮತ್ತು ಹನ್ನೊಂದು ಛತ್ರಿಗಳು ಇದ್ದವು.

ಈ ಸದ್ದಿಗೆ ಹೆಡ್ ಮೇಡಂ ಬಂದರು. ತೆಳ್ಳನೆಯ, ನೆಟ್ಟಗಿನ ಹೆಂಗಸು. ಅವರ ಚಪ್ಪಲಿಯ ಸದ್ದಿಗೆ ಕಾರಿಡಾರೇ ಮೈ ಸರಿಮಾಡಿಕೊಳ್ಳುತ್ತಿತ್ತು. ಛತ್ರಿಗಳನ್ನು ಎಣಿಸಿದರು, ಬೀಗದವನಿಗೆ ಥ್ಯಾಂಕ್ಸ್ ಹೇಳಿದರು, ಆಮೇಲೆ ಟೀಚರಮ್ಮನತ್ತ ತಿರುಗಿದರು.

"ಬೆಲ್ ಆದ್ಮೇಲೆ ಆಟದ ರೂಮಲ್ಲಿ ಮೂರು ಜನ ಬಾಗಿಲು ಹಾಕ್ಕೊಂಡು ನಗ್ತೀರಂತೆ. ಡ್ರಿಲ್ ಮೇಷ್ಟ್ರು ವಿಜ್ಞಾನದ ಪೇಪರ್ ಓದ್ತಾರಂತೆ. ಏನಿದು?"

ಸುಳ್ಳು ಹೇಳಲು ಅವಕಾಶವಿತ್ತು. ಗಂಡ ಪಕ್ಕದಲ್ಲಿ ಸ್ಕ್ರೂಡ್ರೈವರ್ ಒರೆಸುತ್ತ ನಿಂತಿದ್ದ. ಟೀಚರಮ್ಮ ಬ್ಯಾಗಿನಿಂದ ಪತ್ರಿಕೆಗಳ ಕಟ್ಟನ್ನೇ ತೆಗೆದು ಮುಂದಿಟ್ಟಳು.

"ನಾನು ಇವನ್ನ ಓದದೇ ಅಂಕ ಹಾಕಿದ್ದೆ ಮೇಡಂ. ಸಾಲಾಗಿ. ಮನೇಲಿ ಸಿಕ್ಕಿಬಿದ್ದೆ. ಈಗ ಓದಿ ಮತ್ತೆ ಹಾಕಿದ್ದೀನಿ, ಅವರಿಬ್ರೂ ಸಹಾಯ ಮಾಡಿದ್ರು. ತಪ್ಪು ನಂದು, ಅವರದ್ದಲ್ಲ. ರಾಜೀನಾಮೆನೂ ಬರ್ದಿಟ್ಟಿದ್ದೀನಿ, ಬೇಕಂದ್ರೆ ತಗೊಳ್ಳಿ."

ಹೆಡ್ ಮೇಡಂ ಪತ್ರಿಕೆಗಳನ್ನು ತಿರುವಿದರು. ಹಳೆಯ ಅಂಕ ಹೊಡೆದುಹಾಕಿ ಹೊಸದು ಬರೆದಿತ್ತು, ಪ್ರತಿಯೊಂದರಲ್ಲೂ ಒಂದೆರಡು ಸಾಲಿನ ಮಾತೂ ಇತ್ತು. ರಾಜೀನಾಮೆಯನ್ನೂ ಓದಿದರು. ಅದನ್ನು ಮಡಿಸಿ ಹಿಂದಕ್ಕೆ ಕೊಟ್ಟರು.

"ಇದಕ್ಕೆ ದಿನಾಂಕ ಇಲ್ಲ. ತಗೊಳ್ಳಕ್ಕೆ ಬರಲ್ಲ. ನಡೆದದ್ದನ್ನ ಬರೆದು ಕೊಡಿ, ಫೈಲಿಗೆ ಬೇಕು. ಆಮೇಲೆ ಮಕ್ಕಳ ಮುಂದೆ ನೀವೇ ಹೇಳ್ಬೇಕು, ನಾನು ಹೇಳಲ್ಲ." ಹೋಗಲು ತಿರುಗಿದವರು ನಿಂತರು. "ನಿಮ್ಗೆ ವಾರಕ್ಕೆ ಎಷ್ಟು ಪೀರಿಯಡ್ಡು?"

"ಮೂವತ್ತೆಂಟು."

"ಅಷ್ಟಾ? ನಾನೇ ಹಾಕಿದ್ದಾ ಅದು?"

ಗಂಡ ಸ್ಕ್ರೂಡ್ರೈವರನ್ನು ಇನ್ನೊಮ್ಮೆ ಒರೆಸಿದ.

"ಒಂಬತ್ತನೇ ಕ್ಲಾಸಿನ ಐದು ಪೀರಿಯಡ್ಡು ನಾನು ತಗೊಳ್ತೀನಿ," ಎಂದರು ಹೆಡ್ ಮೇಡಂ. "ಪಾಠ ಮಾಡಿ ಆರು ವರ್ಷ ಆಯ್ತು. ಅದೇನು ಮರೆಯೋ ವಿದ್ಯೇನಾ?"

ಮಕ್ಕಳ ಮುಂದೆ ಹೇಳುವುದು ಹೆಡ್ ಮೇಡಮ್ಮಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಎದ್ದುನಿಂತು ಹೇಳಿದಳು: ಮೊದಲು ಓದದೇ ಅಂಕ ಕೊಟ್ಟೆ, ಅದು ಮೋಸ, ಈಗ ಓದಿದ್ದೀನಿ, ತಡವಾಯ್ತು, ಕ್ಷಮಿಸಿ. ಅರವತ್ತೆರಡು ಮಕ್ಕಳು ಇದುವರೆಗೆ ಯಾವ ದೊಡ್ಡವರ ಬಾಯಿಂದಲೂ ಕೇಳಿರದ ಮಾತು. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ: "ಮಿಸ್, ಮೊದಲಿನ ಅಂಕ ಜಾಸ್ತಿ ಇದ್ರೆ ಅದನ್ನೇ ಇಟ್ಕೋಬಹುದಾ?"

"ನಿನಗೆ ಮೊದಲು ಹದಿನೇಳು, ಈಗ ಆರು."

"ಅದಕ್ಕೇ ಕೇಳಿದ್ದು ಮಿಸ್."

ಕ್ಲಾಸು ನಕ್ಕಿತು, ಟೀಚರಮ್ಮನೂ ನಗುತ್ತ ಪತ್ರಿಕೆಗಳನ್ನು ಹಂಚಿದಳು. ಎರಡು ಜಡೆಯ ಹುಡುಗಿ ತನ್ನ ಪತ್ರಿಕೆಯಲ್ಲಿ ಗೀಟು ಹುಡುಕಿ ಕಂಡು, ಪಕ್ಕದವಳಿಗೆ ತೋರಿಸಿದಳು. ಇಬ್ಬರಲ್ಲಿ ಗುಸುಗುಸು ವಾದ ಹತ್ತಿಕೊಂಡಿತು. ಕೊನೆಗೆ ತಂತಿಯ ಹುಡುಗಿ ಕೈ ಎತ್ತಿದಳು.

"ಮಿಸ್, ಮೊದಲ್ನೇ ಸಲ ಓದ್ಲಿಲ್ಲ, ಎರಡನೇ ಸಲ ಓದಿದ್ರಿ. ಹಾಗಾದ್ರೆ ಪಂದ್ಯ ಗೆದ್ದಿದ್ದು ಯಾರು?"

"ನೀನೇ. ಆದ್ರೆ ನಿನಗೊಂದು ಕೆಲಸ ಇದೆ, ಬಾ ಇಲ್ಲಿ," ಎಂದು ಟೀಚರಮ್ಮ ಮೇಜಿನ ಮೇಲೆ ಗಾಜಿನ ಲೋಟವಿಟ್ಟು ಐಸು ಸುರಿದಳು. "ಹನಿ ಎಲ್ಲಿಂದ ಬಂತು ಅಂತ ಗೊತ್ತಿಲ್ಲ ಅಂದಿದ್ದೀಯ. ಎಲ್ಲಿಂದ ಬಂದಿರ್ಬಹುದು? ಎಲ್ರೂ ಹೇಳಿ." ಆ ಪೀರಿಯಡ್ಡಿನ ಬೆಲ್ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಮುಂದಿನ ಪೀರಿಯಡ್ಡಿನ ಗಣಿತದ ಮೇಡಂ ಬಾಗಿಲಲ್ಲಿ ಕಾದು ನಿಂತು, ಕೊನೆಗೆ ತಾವೂ ಒಳಗೆ ಬಂದು ಹನಿ ನೋಡಿದರು.

ಎಲ್ಲ ಸರಿಹೋಯಿತು ಎಂದೇನಲ್ಲ. ಪಟ್ಟಿಗಳು ಬರುತ್ತಲೇ ಇದ್ದವು. ಕೆಲವು ದಿನ ಟೀಚರಮ್ಮ ಹಳೆಯ ಮುಖ ಹೊತ್ತೇ ಮನೆಗೆ ಬರುತ್ತಿದ್ದಳು, ಆದರೆ ಈಗ ಬಾಗಿಲಲ್ಲೇ ಮಾವ "ಏನಾಯ್ತಮ್ಮಾ ಇವತ್ತು?" ಎನ್ನುತ್ತಿದ್ದರು, ಅವಳು ಹೇಳುತ್ತಿದ್ದಳು. ಡ್ರಿಲ್ ಮೇಷ್ಟ್ರು ಡಾಕ್ಟರಿಗೆ ಮಂಡಿ ತೋರಿಸಿದರು. ಏಳನೇ ಕ್ಲಾಸು ನೆಲದ ಮೇಲೆ ಓಡತೊಡಗಿತು. ಹೆಡ್ ಮೇಡಂ ಒಂಬತ್ತನೇ ಕ್ಲಾಸಿಗೆ ಮೊದಲ ಪಾಠ ಮಾಡಿದ ದಿನ ಮೂರೂ ನಲವತ್ತಕ್ಕೆ ಆಟದ ಕೋಣೆಯ ಬಾಗಿಲು ತಟ್ಟಿದರು. ಕೂದಲು ಕೆದರಿತ್ತು, ಬೆನ್ನಿಗೆ ಯಾರೋ ಕಾಗದದ ರಾಕೆಟ್ ಸಿಕ್ಕಿಸಿದ್ದರು. ಯಾರನ್ನೂ ನೋಡದೆ ಚಾಪೆಯ ಮೇಲೆ ಕುಸಿದು, "ಆ ನೋಟ್‌ಬುಕ್ ಕೊಡಿ ಇಲ್ಲಿ," ಎಂದರು. ಒಂದೂವರೆ ಪುಟ ಬರೆದರು. ಯಾರೂ ಬುದ್ಧಿ ಹೇಳಲಿಲ್ಲ.

ಅದಾಗಿ ಒಂದು ವಾರಕ್ಕೆ, ಬುಧವಾರ ಸಂಜೆ, ಮಗಳು ಊಟದ ಮೇಜಿನಲ್ಲಿ ನಾಟಕ ಮಾಡಿ ತೋರಿಸಿದಳು. ಅವಳ ಶಾಲೆ ಬೇರೆ. ಅಲ್ಲಿ ಇತಿಹಾಸ ಹೇಳಲು ಹೊಸದಾಗಿ ಬಂದ ಚಿಕ್ಕ ವಯಸ್ಸಿನ ಮಿಸ್ ಒಬ್ಬರು ಅವತ್ತು ಬೋರ್ಡಿನ ಮೇಲೆ ಅರ್ಧ ವಾಕ್ಯ ಬರೆದು, ಉಳಿದರ್ಧ ಮರೆತು, ಬೋರ್ಡನ್ನೇ ನೋಡುತ್ತ ನಿಂತುಬಿಟ್ಟರಂತೆ. ಮಗಳು ಸೌಟನ್ನು ಸೀಮೆಸುಣ್ಣದಂತೆ ಹಿಡಿದು, ಬಾಯಿ ಅರ್ಧ ತೆರೆದು, ಫ್ರಿಜ್ಜಿನ ಮುಂದೆ ಹಾಗೇ ನಿಂತಳು. ತಾತ ನಕ್ಕರು, ಅಪ್ಪ ನಕ್ಕ.

"ಐದು ನಿಮಿಷ ಹೀಗೇ! ಕ್ಲಾಸೆಲ್ಲ ಬಿದ್ದು ಬಿದ್ದು ನಗ್ತಾ ಇತ್ತು."

ಟೀಚರಮ್ಮ ನಗಲಿಲ್ಲ. "ಅವರಿಗೆ ದಿನಕ್ಕೆ ಎಷ್ಟು ಪೀರಿಯಡ್ಡು?"

"ನಂಗೇನು ಗೊತ್ತು?"

"ನಾಳೆ ಕೇಳು. ಕ್ಲಾಸಲ್ಲಿ ಬೇಡ, ಬೆಲ್ ಆದ್ಮೇಲೆ. 'ಮಿಸ್, ನಿಮಗೆ ತುಂಬಾ ಕೆಲಸಾನಾ' ಅಂತ ಕೇಳು, ಸಾಕು."

"ಅಯ್ಯೋ ಅಮ್ಮ! ಬೈತಾರೆ!"

"ಬೈದ್ರೆ ಬೈಸ್ಕೊಂಡು ಬಾ."

ಮರುದಿನ ಮಗಳು ಬರುವ ಹೊತ್ತಿಗೆ ಬರಲಿಲ್ಲ. ಅವಳ ಡ್ಯೂಟಿಯ ಒಲೆ ಹಚ್ಚಲು ತಾತನೇ ಎದ್ದರು. ಟೀಚರಮ್ಮ ಎರಡು ಸಲ ಗೇಟಿಗೆ ಹೋಗಿ ಬಂದಳು. ಆರೂಕಾಲಿಗೆ ಮಗಳು ಏದುಸಿರು ಬಿಡುತ್ತ ಒಳಗೆ ಬಂದು, ಬ್ಯಾಗನ್ನು ಕುರ್ಚಿಗೆ ಎಸೆದು ಕೂತಳು.

"ಕೇಳ್ದೆ," ಎಂದಳು.

"ಬೈದ್ರಾ?"

"ಮೊದಲು 'ನಿಂಗ್ಯಾಕೆ ಅದೆಲ್ಲ, ಹೋಗು' ಅಂದ್ರು. ಬಾಗಿಲವರೆಗೆ ಹೋದೆ. ಆಮೇಲೆ ಅವರೇ ಕರೆದ್ರು." ನೀರು ಕುಡಿದು ಲೋಟ ಇಟ್ಟಳು. "ಮುಕ್ಕಾಲು ಗಂಟೆ ಹೇಳಿದ್ರಮ್ಮ. ಎರಡು ಬಸ್ಸು ತಪ್ಪಿತು. ನಾನು ಬರೀ ಹೂಂ ಅಂತಿದ್ದೆ."

"ಬುದ್ಧಿ ಹೇಳಿಲ್ಲ ತಾನೇ?"

"ನಾನ್ಯಾಕೆ ಹೇಳ್ಲಿ? ನಂಗೇನು ಗೊತ್ತು?"

ಟೀಚರಮ್ಮ ಮಗಳ ತಟ್ಟೆಗೆ ಎಲ್ಲರಿಗಿಂತ ಮೊದಲು ಬಡಿಸಿದಳು. ಮಗಳು ಎರಡು ತುತ್ತು ತಿಂದು, ಮೂರನೆಯದು ಬಾಯಲ್ಲಿರುವಾಗಲೇ ತಾತನತ್ತ ತಿರುಗಿದಳು.

"ತಾತ, ನಾಳೇನೂ ಒಲೆ ಡ್ಯೂಟಿ ನೀವೇ ನೋಡ್ಕೊಳ್ಳಿ. ಅವರು ಇನ್ನೂ ಸೋಮವಾರದ ವಿಷಯಾನೇ ಮುಗಿಸಿಲ್ಲ."